ಹುಬ್ಬು ಎತ್ತುವ ಕಸುಬಿನ ನೂರು ವರ್ಷ

1912ರಲ್ಲಿ ಫ್ರಾನ್ಸಿನ ಮಹಾನಟಿ ಸಾರಾ ಬರ್ನ್‌ಹಾರ್ಟ್ ಅಮೆರಿಕದಿಂದ ಪ್ಯಾರಿಸ್ಸಿಗೆ ಮರಳಿದಾಗ ಆಕೆಯ ವಯಸ್ಸು ಎಪ್ಪತ್ತನ್ನು ಸಮೀಪಿಸಿತ್ತು. ಹಣೆ ಮಾತ್ರ ಅಷ್ಟು ವಯಸ್ಸನ್ನು ಹೇಳುತ್ತಿರಲಿಲ್ಲ. ಅಮೆರಿಕದ ಶಸ್ತ್ರವೈದ್ಯನೊಬ್ಬ ಆಕೆಯ ತಲೆಗೂದಲಿನ ನಡುವೆ ಚರ್ಮದ ಒಂದು ಪಟ್ಟಿಯನ್ನು ಕತ್ತರಿಸಿ ತೆಗೆದು, ಎರಡೂ ಅಂಚುಗಳನ್ನು ಎಳೆದು ಹೊಲಿದಿದ್ದ. ಹಣೆಯ ಗೆರೆಗಳು ಮಾಸಿದ್ದವು, ಕಣ್ಣಂಚಿನ ಸುಕ್ಕು ಇಳಿದಿತ್ತು. ಕೆನ್ನೆ ಮತ್ತು ಗಲ್ಲ ಮಾತ್ರ ಮೊದಲಿನಂತೆಯೇ ಜೋತಿದ್ದವು.

ಪ್ಯಾರಿಸ್ಸಿನ ಯುವ ವೈದ್ಯೆ ಸುಜಾನ್ ನೊಯೆಲ್ ಈ ಸಂಗತಿಯನ್ನು ಕುತೂಹಲದಿಂದ ಗಮನಿಸಿದಳು. ಮೇಲೆ ಒಂದು ಪಟ್ಟಿ ತೆಗೆದರೆ ಹಣೆ ಏರುವುದಾದರೆ ಮುಖದ ಉಳಿದ ಭಾಗಕ್ಕೂ ಅಂಥದೇ ದಾರಿ ಇರಲೇಬೇಕು ಎಂದು ಆಕೆಗೆ ಅನ್ನಿಸಿತು. ಸೌಂದರ್ಯ ಶಸ್ತ್ರಚಿಕಿತ್ಸೆಯ ಮೊದಲ ತಲೆಮಾರಿನಲ್ಲಿ ಹೆಸರು ಮಾಡಿದ ಈ ವೈದ್ಯೆಯ ಆಸಕ್ತಿ ಹುಟ್ಟಿದ್ದು ಹೀಗೆ, ಒಂದು ಹಣೆಯಿಂದ.

ಇಂದು ‘ಬ್ರೋ ಲಿಫ್ಟ್’ ಎಂದು ಕರೆಯುವ, ಜೋತುಬಿದ್ದ ಹುಬ್ಬನ್ನು ಮೇಲಕ್ಕೆ ಎತ್ತಿ ನಿಲ್ಲಿಸುವ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ವೈದ್ಯರು ಕೆಲವು ಮಾತು ಹೇಳಿ ಕಳಿಸುತ್ತಾರೆ. ನೆತ್ತಿ ಕೆಲವು ತಿಂಗಳು ಜೋಮು ಹಿಡಿದಂತೆ ಇರಬಹುದು, ಹೊಲಿಗೆಯ ಸುತ್ತ ಕೂದಲು ಉದುರಬಹುದು, ಮೊದಲು ಹುಬ್ಬು ತುಸು ಹೆಚ್ಚೇ ಏರಿದಂತೆ ಕಂಡು ಆಮೇಲೆ ಇಳಿಯುತ್ತದೆ, ಗೆರೆ ಪೂರ್ತಿ ಅಳಿಯುವುದಿಲ್ಲ. ಈ ಒಂದೊಂದು ಮಾತಿನ ಹಿಂದೆಯೂ ಒಂದು ತಲೆಮಾರಿನ ವೈದ್ಯರ ಸೋಲಿದೆ, ಆ ಸೋಲನ್ನು ಮುಖದ ಮೇಲೆ ಹೊತ್ತು ಬದುಕಿದ ರೋಗಿಗಳಿದ್ದಾರೆ. ಎಲ್ಲಿ ಕತ್ತರಿಸಬೇಕೆಂದು ಕಲಿಯಲು ಈ ಕಸುಬಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಯಾವುದನ್ನು ಮುಟ್ಟದೆ ಬಿಡಬೇಕೆಂದು ಕಲಿಯಲು ಮುಕ್ಕಾಲು ಶತಮಾನ ಬೇಕಾಯಿತು.

ಹುಬ್ಬಿನ ಹಿಂದಿನ ಯಂತ್ರವನ್ನು ಮೊದಲು ಬಿಡಿಸಿ ತೋರಿಸಿದವನು ಸೌಂದರ್ಯದ ವೈದ್ಯನಲ್ಲ. ಫ್ರೆಂಚ್ ನರವೈದ್ಯ ದ್ಯುಶೆನ್ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಹಲ್ಲಿಲ್ಲದ ಮುದುಕನೊಬ್ಬನ ಮುಖದ ಸ್ನಾಯುಗಳಿಗೆ ಒಂದೊಂದಾಗಿ ವಿದ್ಯುತ್ ಹರಿಸಿ, ಮೂಡಿದ ಭಾವವನ್ನು ಫೋಟೊ ತೆಗೆಸಿದ. ಆ ಮುದುಕನ ಮುಖದಲ್ಲಿ ಸ್ಪರ್ಶದ ಅರಿವು ಕಡಿಮೆಯಿದ್ದುದರಿಂದ ಪ್ರಯೋಗ ಸಾಧ್ಯವಾಯಿತು. 1862ರಲ್ಲಿ ಬಂದ ದ್ಯುಶೆನ್‌ನ ಪುಸ್ತಕದಲ್ಲಿ ಹಣೆಯ ಅಗಲ ಸ್ನಾಯು ಗಮನದ ಸ್ನಾಯು, ಹುಬ್ಬುಗಳನ್ನು ಒಳಕ್ಕೆ ಸೆಳೆಯುವುದು ನೋವಿನ ಸ್ನಾಯು, ಮೂಗಿನ ಬುಡದ ಚಿಕ್ಕದು ಆಕ್ರಮಣದ ಸ್ನಾಯು. ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯ ಕುರಿತು ಬರೆದಾಗ ಇವೇ ಚಿತ್ರಗಳಲ್ಲಿ ಕೆಲವನ್ನು ಬಳಸಿಕೊಂಡ.

ಮುಂದಿನ ಕಥೆಗೆಲ್ಲ ಇದೇ ಬೀಗದ ಕೈ. ಹುಬ್ಬನ್ನು ಮೇಲೆತ್ತಲು ಇರುವುದು ಹಣೆಯ ಆ ಒಂದೇ ಸ್ನಾಯು. ಕೆಳಕ್ಕೆ ಎಳೆಯಲು ಹುಬ್ಬು ಗಂಟಿಕ್ಕುವ ಸ್ನಾಯು, ಮೂಗಿನ ಬುಡದ್ದು, ಕಣ್ಣನ್ನು ಸುತ್ತುವರಿದು ಮುಚ್ಚಿಸುವುದು ಎಂದು ಹಲವು ಸೇರಿಕೊಂಡಿವೆ. ಎತ್ತುವ ಸ್ನಾಯು ಹುಬ್ಬಿನ ಹೊರತುದಿಯವರೆಗೆ ಚಾಚಿಕೊಂಡಿಲ್ಲ. ವಯಸ್ಸಾದಂತೆ ಹೊರಭಾಗವೇ ಮೊದಲು ಜೋಲುವುದು, ಮುಖ ದಣಿದಂತೆ ಕಾಣುವುದು ಅದರಿಂದಲೇ.

ಹಣೆಯ ಚರ್ಮಕ್ಕೆ ಕತ್ತಿ ತಾಗಿದ ಕಥೆ ಇದಕ್ಕೂ ಹಳೆಯದು. ಅದರ ಒಂದು ತುದಿ ಶ್ರೀರಂಗಪಟ್ಟಣದಲ್ಲಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿಯ ಇಟ್ಟಿಗೆ ಮಾಡುವ ಸಮುದಾಯದ ಕುಶಲಿಯೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ತೆಳು ಮೇಣದ ಹಾಳೆಯಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲಿಟ್ಟು ಗೆರೆ ಎಳೆದು, ಎರಡು ಹುಬ್ಬುಗಳ ನಡುವೆ ಒಂದಿಷ್ಟು ಅಂಟಿಕೊಂಡಿರುವಂತೆ ಬಿಟ್ಟು ಚರ್ಮವನ್ನು ಬಿಡಿಸಿ, ಕೆಳಕ್ಕೆ ತಿರುಚಿ ಕೂರಿಸಿದ. ಅಂಟಿಸಲು ಕಾಚು ಬಳಸಿದ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಈ ವಿವರವನ್ನು ಚಿತ್ರದ ಸಮೇತ ಅಚ್ಚು ಮಾಡಿತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ 1814ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ ಸೈನ್ಯಾಧಿಕಾರಿಯೊಬ್ಬನಿಗೆ ಮೂಗು ಕಟ್ಟಿದ.

ಆ ವರದಿಯ ಕೊನೆಯಲ್ಲಿ ಬಂದ ಚಿಕ್ಕ ಮಾತೊಂದು ನಮ್ಮ ಕಥೆಗೆ ಮುಖ್ಯ: ಕಾಲ ಕಳೆದಂತೆ ಹಣೆಯ ಗಾಯದ ಕಲೆ ಅಷ್ಟಾಗಿ ಎದ್ದು ಕಾಣುವುದಿಲ್ಲ. ಹಣೆಯಲ್ಲಿ ರಕ್ತನಾಳಗಳು ದಟ್ಟವಾಗಿವೆ, ಗಾಯ ಬೇಗ ಮಾಯುತ್ತದೆ ಎಂಬ ಸತ್ಯ ಯುರೋಪಿನ ವೈದ್ಯರಿಗೆ ಗಟ್ಟಿಯಾದದ್ದು ಈ ಮೂಗು ಕಟ್ಟುವ ವಿದ್ಯೆಯಿಂದ. ಇನ್ನೊಂದು ಅಂಗಕ್ಕೆ ಚರ್ಮ ಕೊಡುತ್ತಿದ್ದ ಹಣೆ, ಮುಂದಿನ ಶತಮಾನದಲ್ಲಿ ತನಗಾಗಿಯೇ ಚಿಕಿತ್ಸೆ ಪಡೆಯತೊಡಗಿತು.

ಶುರುವಿನ ವರ್ಷಗಳು ಭಯ ಹುಟ್ಟಿಸುವಂಥವು. ವಿಯೆನ್ನಾದ ರಾಬರ್ಟ್ ಗೆರ್ಸುನಿ 1900ರ ಆಸುಪಾಸಿನಲ್ಲಿ ಕರಗಿಸಿದ ಪ್ಯಾರಫಿನ್ ಮೇಣವನ್ನು ಚರ್ಮದಡಿ ಚುಚ್ಚುವ ಕ್ರಮ ಪ್ರಚಾರಕ್ಕೆ ತಂದಿದ್ದ. ಸುಕ್ಕು ತುಂಬಲು ಅದನ್ನೇ ಬಳಸಿದರು. ಮೇಣ ಬಿಸಿಲಿಗೆ ಜಾರಿತು, ಗಂಟು ಕಟ್ಟಿತು, ಕೆಲವರಲ್ಲಿ ಹುಣ್ಣಾಯಿತು. ಷಿಕಾಗೊದ ಚಾರ್ಲ್ಸ್ ಮಿಲ್ಲರ್ 1907ರಲ್ಲಿ ಮುಖದ ಕುಂದುಗಳನ್ನು ತಿದ್ದುವ ಬಗ್ಗೆ ಪುಸ್ತಕವನ್ನೇ ಬರೆದ. ಚರ್ಮದಡಿ ಚಿಕ್ಕ ಕತ್ತಿ ತೂರಿಸಿ ಭಾವದ ಸ್ನಾಯುಗಳನ್ನು ತುಂಡರಿಸಿದರೆ ಗೆರೆಗಳು ಹೋಗುತ್ತವೆ ಎಂದು ವಾದಿಸಿದ. ಅವನನ್ನು ಸಮಕಾಲೀನ ವೈದ್ಯರಲ್ಲಿ ಹಲವರು ತಮ್ಮವನೆಂದು ಒಪ್ಪಲಿಲ್ಲ. ಸುಕ್ಕಿನ ಮೂಲ ಚರ್ಮದಲ್ಲಷ್ಟೇ ಇಲ್ಲ, ಅದರಡಿಯ ಸ್ನಾಯುವಿನಲ್ಲಿದೆ ಎಂಬ ಅವನ ಮಾತು ಮಾತ್ರ ಸರಿಯಾಗಿತ್ತು. ಅದು ಮತ್ತೆ ಮುನ್ನೆಲೆಗೆ ಬರಲು ಐದು ದಶಕ ಕಾಯಬೇಕಾಯಿತು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಕಂದಕದಿಂದ ತಲೆ ಎತ್ತಿದ ಸೈನಿಕರ ಮುಖಗಳು ಗುಂಡಿಗೂ ಸಿಡಿದ ಚೂರುಗಳಿಗೂ ಛಿದ್ರವಾದವು. ಪ್ಯಾರಿಸ್ಸಿನ ವಾಲ್ ದ ಗ್ರಾಸ್ ಸೇನಾ ಆಸ್ಪತ್ರೆಯಲ್ಲಿ ಇಪೊಲಿತ್ ಮೊರೆಸ್ತಾಂ ಆ ಮುಖಗಳನ್ನು ಮತ್ತೆ ಕಟ್ಟುತ್ತಿದ್ದರು. ಚರ್ಮವನ್ನು ಎಷ್ಟು ಎಳೆದರೆ ತಡೆಯುತ್ತದೆ, ಹೊಲಿಗೆಯ ಗೆರೆಯನ್ನು ಎಲ್ಲಿ ಮರೆಮಾಡಬಹುದು ಎಂಬುದನ್ನು ಅವರ ಬಳಿ ಕಲಿತವರಲ್ಲಿ ಸುಜಾನ್ ನೊಯೆಲ್ ಒಬ್ಬಳು, ರೇಮೊಂ ಪಾಸೊ ಇನ್ನೊಬ್ಬ. ಗುರು 1919ರ ಫ್ಲೂ ಪಿಡುಗಿಗೆ ಬಲಿಯಾದರು. ಅದೇ ವರ್ಷ ಪಾಸೊ ಮುಖದ ಸುಕ್ಕುಗಳ ಶಸ್ತ್ರಚಿಕಿತ್ಸೆಯ ಬಗ್ಗೆ ಲೇಖನ ಪ್ರಕಟಿಸಿದ. ಹಣೆಯ ಮೇಲಂಚಿನಲ್ಲಿ, ಕೂದಲು ಶುರುವಾಗುವ ಜಾಗದಲ್ಲಿ, ಎಲೆಯಾಕಾರದ ಚಿಕ್ಕ ಚಿಕ್ಕ ತುಂಡು ಚರ್ಮ ತೆಗೆದು ಹೊಲಿಯುವುದು ಅವನ ಕ್ರಮ. ಹುಬ್ಬು ಎತ್ತುವ ಶಸ್ತ್ರಚಿಕಿತ್ಸೆಯ ಲಿಖಿತ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ.

ಆ ಕಾಲದಲ್ಲಿ ಹೀಗೆ ಮಾಡಿಸಿಕೊಳ್ಳಲು ಬಂದವರು ಯಾರು? ನಟಿಯರು, ಸಿರಿವಂತರು ಇದ್ದೇ ಇದ್ದರು. ನೊಯೆಲ್ 1926ರಲ್ಲಿ ಪ್ರಕಟಿಸಿದ ಪುಸ್ತಕ ಇನ್ನೊಂದು ಬಗೆಯ ರೋಗಿಗಳನ್ನು ತೋರಿಸುತ್ತದೆ. ಸೌಂದರ್ಯ ಶಸ್ತ್ರಚಿಕಿತ್ಸೆಯ ಸಾಮಾಜಿಕ ಪಾತ್ರವೇ ಅದರ ವಸ್ತು. ವಯಸ್ಸು ಮುಖದಲ್ಲಿ ಕಂಡಿತೆಂದು ಕೆಲಸ ಕಳೆದುಕೊಂಡ ಹೆಂಗಸರು, ದುಡಿಯದೆ ಬದುಕು ಸಾಗದವರು ಅವಳಲ್ಲಿಗೆ ಬರುತ್ತಿದ್ದರು. ಕೈಯಲ್ಲಿ ಹಣವಿಲ್ಲದವರಿಗೆ ಅವಳು ಶುಲ್ಕವಿಲ್ಲದೆ ಮಾಡಿಕೊಟ್ಟದ್ದೂ ಉಂಟು. ಸ್ತ್ರೀಯರ ಮತದ ಹಕ್ಕಿಗಾಗಿ ಹೋರಾಡಿದ ನೊಯೆಲ್ ಈ ಕೆಲಸವನ್ನೂ ಅದೇ ಕಣ್ಣಿಂದ ಕಂಡಳು. 1924ರಲ್ಲಿ ಪ್ಯಾರಿಸ್ಸಿನಲ್ಲಿ ದುಡಿಯುವ ಮಹಿಳೆಯರ ಸೊರೊಪ್ಟಿಮಿಸ್ಟ್ ಕ್ಲಬ್ ಕಟ್ಟಿದವಳೂ ಅವಳೇ. ಹುಬ್ಬು, ಕೆನ್ನೆ ಎತ್ತಿಸಿಕೊಳ್ಳುವುದನ್ನು ಬರೀ ಒಣ ಆಡಂಬರವೆಂದು ತಳ್ಳಿಹಾಕುವವರು ಈ ಪುಸ್ತಕವನ್ನು ನೆನೆಯಬೇಕು.

ಅವಳ ರೋಗಿಗಳಿಗೆ ಪ್ರಜ್ಞೆ ತಪ್ಪಿಸುತ್ತಿರಲಿಲ್ಲ. ಆ ಜಾಗಕ್ಕಷ್ಟೇ ಅರಿವಳಿಕೆ ಚುಚ್ಚುತ್ತಿದ್ದರು. ಎಷ್ಟು ಚರ್ಮ ತೆಗೆಯಬೇಕೆಂದು ಮೊದಲೇ ಅಳೆದು, ಮಾದರಿ ಕತ್ತರಿಸಿ ಇಟ್ಟುಕೊಂಡಿರುತ್ತಿದ್ದಳು. ಕೆಲಸ ಮುಗಿದ ದಿನವೇ ರೋಗಿ ಮನೆಗೆ ಹೋಗುತ್ತಿದ್ದಳು. ಗಾಯದ ಮೇಲೆ ಕೂದಲು ಬಾಚಿಕೊಂಡರೆ ಸಾಕಿತ್ತು.

ಆದರೆ ಫಲ ಉಳಿಯುತ್ತಿರಲಿಲ್ಲ. ಚರ್ಮದ ಗುಣವೇ ಹಿಗ್ಗುವುದು. ಕೆಳಕ್ಕೆಳೆಯುವ ಸ್ನಾಯುಗಳು ದಿನಕ್ಕೆ ಸಾವಿರಾರು ಸಲ ಅದೇ ಕೆಲಸ ಮಾಡುತ್ತಿರುವಾಗ ಮೇಲೆ ಹಾಕಿದ ಹೊಲಿಗೆ ಎಷ್ಟು ದಿನ ತಡೆದೀತು? ನ್ಯೂಯಾರ್ಕಿನ ಲಯನ್ಸ್ ಹಂಟ್ 1926ರಲ್ಲಿ ಇನ್ನೂ ಉದ್ದದ ಗಾಯವನ್ನು ಸೂಚಿಸಿದ: ಕೂದಲಂಚಿನ ಉದ್ದಕ್ಕೂ, ಇಲ್ಲವೇ ನೆತ್ತಿಯ ಮೇಲೆ ಅಡ್ಡಲಾಗಿ. ಆಗಲೂ ತೆಗೆದದ್ದು ಚರ್ಮ ಮಾತ್ರ, ಸ್ನಾಯು ತನ್ನ ಪಾಡಿಗೆ ಎಳೆಯುತ್ತಲೇ ಇತ್ತು.

ಇಲ್ಲಿಂದ ಮುಂದೆ ಈ ಚರಿತ್ರೆಯ ದೊಡ್ಡ ತಪ್ಪು ನಡೆಯಿತು. ಹಣೆಯ ಅಡ್ಡಗೆರೆಗಳಿಗೆ ಕಾರಣ ಹಣೆಯ ಸ್ನಾಯು. ಅದಕ್ಕೆ ಆಜ್ಞೆ ಒಯ್ಯುವುದು ಮುಖದ ನರದ ಒಂದು ಕವಲು. ಆ ಕವಲನ್ನೇ ಕತ್ತರಿಸಿದರೆ ಹೇಗೆ ಎಂದು 1930ರ ದಶಕದಲ್ಲಿ ಪಾಸೊ ಯೋಚಿಸಿದ. 1957ರಲ್ಲಿ ಅಮೆರಿಕದ ಎಡ್ವರ್ಡ್ಸ್ ಎರಡೂ ಬದಿಯ ಕವಲು ಕತ್ತರಿಸುವ ಕ್ರಮವನ್ನು ಮತ್ತೆ ಮುಂದಿಟ್ಟ. ಗೆರೆಗಳು ಅಳಿದವು, ನಿಜ. ಹುಬ್ಬನ್ನು ಎತ್ತಿ ಹಿಡಿದಿದ್ದ ಏಕೈಕ ಸ್ನಾಯು ಅದೇ ತಾನೆ? ಅದು ನಿಶ್ಚಲವಾದೊಡನೆ ಹಣೆ ನಯವಾಯಿತು, ಹುಬ್ಬು ಮೊದಲಿಗಿಂತ ಕೆಳಗಿಳಿಯಿತು. ಯಾವುದಕ್ಕೆ ಚಿಕಿತ್ಸೆಯೋ ಅದನ್ನೇ ಚಿಕಿತ್ಸೆ ಹೆಚ್ಚಿಸಿತು. ದ್ಯುಶೆನ್ ತೊಂಬತ್ತೈದು ವರ್ಷ ಹಿಂದೆಯೇ ತೋರಿಸಿದ್ದ ಪಾಠ ಇದು.

ಆ ನರವನ್ನು ಕಾಪಾಡುವುದು ಹೇಗೆಂದು ಮುಂದಿನವರು ಹುಡುಕಿದರು. ಬ್ರೆಜಿಲ್‌ನ ಈವೋ ಪಿತಾಂಗಿ 1966ರಲ್ಲಿ ಅದು ಹಾದುಹೋಗುವ ದಾರಿಯನ್ನು ಮುಖದ ಮೇಲೆ ಗೆರೆ ಎಳೆದು ತೋರಿಸಿದರು: ಕಿವಿಯ ಮುಂದಿನ ಚಿಕ್ಕ ಉಬ್ಬಿನಿಂದ ಅರ್ಧ ಸೆಂಟಿಮೀಟರ್ ಕೆಳಗೆ ಹೊರಟು, ಹುಬ್ಬಿನ ಹೊರತುದಿಯಿಂದ ಒಂದೂವರೆ ಸೆಂಟಿಮೀಟರ್ ಮೇಲೆ ಸೇರುವ ಗೆರೆ. ರಿಯೊದ ಸಾಂತಾ ಕಾಸಾ ಆಸ್ಪತ್ರೆಯಲ್ಲಿ ಬಡವರಿಗೂ ಪ್ಲಾಸ್ಟಿಕ್ ಸರ್ಜರಿ ಸಿಗುವಂತೆ ಮಾಡಿದ ಪಿತಾಂಗಿ 2016ರಲ್ಲಿ ತೀರಿಕೊಂಡರು. ಜಗತ್ತಿನ ಪ್ಲಾಸ್ಟಿಕ್ ಸರ್ಜರಿ ವಿದ್ಯಾರ್ಥಿಗಳು ಆ ಗೆರೆಯನ್ನು ಅವರ ಹೆಸರಿನಿಂದಲೇ ಕಲಿಯುತ್ತಾರೆ.

1960ರ ದಶಕದಲ್ಲಿ ಮೆಕ್ಸಿಕೊ, ಅರ್ಜೆಂಟೀನಾ, ಕ್ಯಾಲಿಫೋರ್ನಿಯಾದ ವೈದ್ಯರು ಚರ್ಮವನ್ನು ಬಿಟ್ಟು ಆಳಕ್ಕಿಳಿದರು. ಒಂದು ಕಿವಿಯ ಮೇಲಿಂದ ಇನ್ನೊಂದು ಕಿವಿಯ ಮೇಲಿನವರೆಗೆ, ಕೂದಲೊಳಗೆ, ನೆತ್ತಿಯ ಮೇಲೆ ಉದ್ದಕ್ಕೆ ಕತ್ತರಿಸುವುದು. ಹಣೆಯನ್ನು ಪೂರ್ತಿ ಬಿಡಿಸಿ ಹುಬ್ಬಿನವರೆಗೆ ಕೆಳಕ್ಕೆ ಮಡಚುವುದು. ಗಂಟಿಕ್ಕುವ ಸ್ನಾಯುಗಳನ್ನು ಕಣ್ಣಾರೆ ನೋಡಿ ದುರ್ಬಲಗೊಳಿಸುವುದು. ಮತ್ತೆ ಮೇಲಕ್ಕೆಳೆದು, ಹೆಚ್ಚಾದ ತಲೆಚರ್ಮ ತೆಗೆದು ಹೊಲಿಯುವುದು. ಈ ‘ಕೊರೋನಲ್’ ಕ್ರಮ ಮುಂದಿನ ಸುಮಾರು ಮೂರು ದಶಕ ರಾಜನಂತೆ ಮೆರೆಯಿತು. ಹುಬ್ಬು ಏರಿತು, ವರ್ಷಗಟ್ಟಲೆ ನಿಂತಿತು.

ಬೆಲೆಯೂ ದೊಡ್ಡದಿತ್ತು. ಹುಬ್ಬಿನ ಮೇಲಿನಿಂದ ಹೊರಟು ನೆತ್ತಿಗೆ ಸ್ಪರ್ಶಜ್ಞಾನ ಒಯ್ಯುವ ನರಗಳನ್ನು ಆ ಉದ್ದದ ಗಾಯ ಅಡ್ಡಗತ್ತರಿಸುತ್ತಿತ್ತು. ಬಾಚಣಿಗೆ ತಾಗಿದ್ದು ತಿಳಿಯುತ್ತಿರಲಿಲ್ಲ; ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಜೀವನಪೂರ್ತಿ. ನರ ಮತ್ತೆ ಚಿಗುರುವಾಗ ತಡೆಯಲಾರದ ತುರಿಕೆ. ಗಾಯದುದ್ದಕ್ಕೂ ಕೂದಲಿಲ್ಲದ ಗೆರೆ. ಕೂದಲಂಚು ಹಿಂದೆ ಸರಿದು ಮೊದಲೇ ಅಗಲವಿದ್ದ ಹಣೆ ಇನ್ನಷ್ಟು ಅಗಲವಾಗುವುದು. ತಲೆ ಬೋಳಾಗುತ್ತಿದ್ದ ಗಂಡಸರಿಗೆ ಇದನ್ನು ಹೇಳುವಂತೆಯೇ ಇರಲಿಲ್ಲ.

ಎಷ್ಟು ಎತ್ತಬೇಕು, ಯಾವ ಆಕಾರಕ್ಕೆ ತರಬೇಕು ಎಂಬ ಪ್ರಶ್ನೆ ಬೇರೆ. ಇದಕ್ಕೆ ಬಹುಕಾಲ ಮಾನ್ಯವಾಗಿದ್ದ ಉತ್ತರ ಬಂದದ್ದು ಹಾಲಿವುಡ್ಡಿನ ಮೇಕಪ್ ಕೋಣೆಯಿಂದ. ಪ್ರಸಾಧನ ಕಲಾವಿದ ಮೈಕಲ್ ವೆಸ್ಟ್‌ಮೋರ್ 1970ರ ದಶಕದ ನಡುವಿನಲ್ಲಿ ಶಸ್ತ್ರವೈದ್ಯರ ಮುಂದೆ ಹೆಣ್ಣಿನ ಆದರ್ಶ ಹುಬ್ಬಿನ ಲೆಕ್ಕ ಇಟ್ಟ. ಹುಬ್ಬಿನ ಎರಡೂ ತುದಿ ಒಂದೇ ಮಟ್ಟದಲ್ಲಿರಬೇಕು, ಕಮಾನಿನ ತುತ್ತತುದಿ ಕಣ್ಣಿನ ಕರಿಭಾಗದ ಹೊರ ಅಂಚಿನ ನೇರ ಮೇಲೆ ಬರಬೇಕು. ಪಠ್ಯಪುಸ್ತಕಗಳು ಇದನ್ನೇ ಅಳತೆಗೋಲು ಮಾಡಿಕೊಂಡವು. ಆಮೇಲೆ ಕಮಾನಿನ ತುದಿ ಇನ್ನೂ ಹೊರಕ್ಕಿರುವುದೇ ಸಹಜವೆಂದು ವೈದ್ಯರು ತಿದ್ದಿದರು. ಗಂಡಸರ ಹುಬ್ಬು ಕಮಾನಿಲ್ಲದೆ, ಹೆಚ್ಚುಕಡಿಮೆ ನೇರವಾಗಿ, ಕಣ್ಣುಗೂಡಿನ ಮೂಳೆಯ ಅಂಚಿನಲ್ಲೇ ಇರುತ್ತದೆ. ಹೆಣ್ಣಿನ ಲೆಕ್ಕವನ್ನು ಅವರಿಗೆ ಹಚ್ಚಿದರೆ ಮುಖ ಗುರುತು ಸಿಗದಂತಾಗುತ್ತದೆ. ಹುಬ್ಬಿನ ಒಳತುದಿಯನ್ನು ಅತಿಯಾಗಿ ಎತ್ತಿದರೆ ಗಂಡಾಗಲಿ ಹೆಣ್ಣಾಗಲಿ ಸದಾ ಬೆರಗುಗೊಂಡವರಂತೆ ಕಾಣುತ್ತಾರೆ.

1980ರ ದಶಕದ ಕೊನೆಗೆ ಪಿತ್ತಕೋಶವನ್ನು ಹೊಟ್ಟೆ ಸೀಳದೆ, ಚಿಕ್ಕ ತೂತುಗಳ ಮೂಲಕ ತೆಗೆಯುವ ವಿದ್ಯೆ ಯುರೋಪಿನಲ್ಲಿ ಹುಟ್ಟಿ ಜಗತ್ತಿಗೆ ಹರಡಿತು. ಹೊಟ್ಟೆಯಲ್ಲಿ ಜಾಗವಿದೆ, ಗಾಳಿ ತುಂಬಬಹುದು. ಹಣೆಯಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಜಾಗವೆಲ್ಲಿ? ಜಾಗವನ್ನು ಮಾಡಿಕೊಳ್ಳಬೇಕಿತ್ತು. ಅಲಬಾಮಾದ ಲೂಯಿಸ್ ವಾಸ್ಕೊನೆಸ್ ಮತ್ತು ಕ್ಯಾಲಿಫೋರ್ನಿಯಾದ ನಿಕನೋರ್ ಇಸ್ಸೆ 1992ರ ಸುಮಾರಿಗೆ ಅದನ್ನು ಸಾಧಿಸಿದರು. ಕೂದಲೊಳಗೆ ಮೂರರಿಂದ ಐದು ಚಿಕ್ಕ ಗಾಯ, ಅವುಗಳ ಮೂಲಕ ಕೆಲವೇ ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್, ಪರದೆಯ ಮೇಲೆ ನರ, ಸ್ನಾಯುಗಳ ದೊಡ್ಡ ಚಿತ್ರ. ಹುಬ್ಬಿನ ಹತ್ತಿರ ಮೂಳೆಗೆ ಬಿಗಿಯಾಗಿ ಅಂಟಿದ ಪೊರೆಯನ್ನು ಬಿಡಿಸಿದರೆ ಹಣೆ ಇಡಿಯಾಗಿ ಮೇಲೆ ಸರಿಯುತ್ತದೆ. ಚರ್ಮವನ್ನು ಕತ್ತರಿಸಿ ತೆಗೆಯಬೇಕಾಗಿಯೇ ಇಲ್ಲ. ಡೆನ್ವರ್‌ನ ಡೇವಿಡ್ ನೈಜ್ ಹಣೆಯ ಅಂಗರಚನೆಯನ್ನು ಸೂಕ್ಷ್ಮವಾಗಿ ಅಭ್ಯಸಿಸಿ, 1996ರಲ್ಲಿ ಎಂಡೋಸ್ಕೋಪೂ ಇಲ್ಲದೆ ಕಣತಲೆಯ ಮೇಲಿನ ಚಿಕ್ಕ ಗಾಯದಿಂದಲೇ ಹೊರಹುಬ್ಬನ್ನು ಎತ್ತುವ ಕ್ರಮ ಪ್ರಕಟಿಸಿದರು.

ಮೇಲೆ ಸರಿದದ್ದನ್ನು ಅಲ್ಲಿಯೇ ನಿಲ್ಲಿಸುವುದು ಹೊಸ ತಲೆನೋವಾಯಿತು. ಪೊರೆ ಮತ್ತೆ ಮೂಳೆಗೆ ಅಂಟುವವರೆಗೆ ಆಧಾರ ಬೇಕು. ಚಿಕ್ಕ ಸ್ಕ್ರೂ, ಮೂಳೆಯಲ್ಲಿ ಕೊರೆದ ಸುರಂಗದ ಮೂಲಕ ಹೊಲಿಗೆ, ಜೈವಿಕ ಅಂಟು, ದೇಹದಲ್ಲೇ ಕರಗಿಹೋಗುವ ಹಲ್ಲುಗಳಿರುವ ಕೊಂಡಿ ಎಂದು ನಾನಾ ಉಪಾಯ ಬಂದವು. ಎಲ್ಲರೂ ಒಪ್ಪುವ ಒಂದು ಉಪಾಯ ಇಂದಿಗೂ ಇಲ್ಲ.

ಶಸ್ತ್ರಚಿಕಿತ್ಸೆಗೆ ನಿಜವಾದ ಎದುರಾಳಿ ಕತ್ತಿಯಲ್ಲಿ ಹುಟ್ಟಲಿಲ್ಲ, ಸೂಜಿಯಲ್ಲಿ ಹುಟ್ಟಿತು. ಕೆಟ್ಟ ಮಾಂಸದಿಂದ ಬರುವ ಬೊಟುಲಿಸಂ ರೋಗದ ವಿಷವನ್ನು ಸ್ಯಾನ್‌ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಔಷಧಿ ಮಾಡಿದ್ದ. 1989ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಅದಕ್ಕೂ ಎರಡು ವರ್ಷ ಮೊದಲು, 1987ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕಾರೂದರ್ಸ್ ರೆಪ್ಪೆ ಬಿಗಿದುಕೊಳ್ಳುವ ಕಾಯಿಲೆಯ ಮಹಿಳೆಯೊಬ್ಬಳಿಗೆ ಅದನ್ನು ಚುಚ್ಚುತ್ತಿದ್ದರು. ‘ಹುಬ್ಬಿನ ನಡುವೆಯೂ ಚುಚ್ಚಿ, ಅಲ್ಲಿ ಚುಚ್ಚಿದಾಗ ಗಂಟು ಬಿಚ್ಚಿ ಮುಖ ನಿರಾಳವಾಗುತ್ತದೆ’ ಎಂದು ಆ ರೋಗಿಯೇ ಕೇಳಿದಳು. ಜೀನ್ ಅವರ ಪತಿ ಅಲಸ್ಟೇರ್ ಚರ್ಮರೋಗ ತಜ್ಞ. ಇಬ್ಬರೂ ಸೇರಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ ‘ಬೊಟಾಕ್ಸ್’ ಹೆಸರಿನ ಈ ಔಷಧಿ ಬಳಸಲು 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಮಿಲ್ಲರ್ ಕತ್ತಿಯಿಂದ ಮಾಡಲು ಹೊರಟದ್ದನ್ನು ಈ ಔಷಧಿ ಮೂರು ನಾಲ್ಕು ತಿಂಗಳ ಮಟ್ಟಿಗೆ, ಗಾಯವಿಲ್ಲದೆ ಮಾಡುತ್ತದೆ. ಕೆಳಕ್ಕೆಳೆಯುವ ಸ್ನಾಯು ಸಡಿಲಾದರೆ ಎತ್ತುವ ಸ್ನಾಯುವಿನ ಕೈ ಮೇಲಾಗಿ ಹುಬ್ಬು ಒಂದೆರಡು ಮಿಲಿಮೀಟರ್ ಏರುವುದೂ ಉಂಟು. 2000ದಿಂದ 2010ರೊಳಗೆ ಅಮೆರಿಕದಲ್ಲಿ ಹಣೆ, ಹುಬ್ಬು ಎತ್ತುವ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಜೋತುಬಿದ್ದ ಚರ್ಮ ಹೆಚ್ಚಿದ್ದವರಿಗೆ ಮಾತ್ರ ಸೂಜಿ ಸಾಲದು. ಶಸ್ತ್ರಚಿಕಿತ್ಸೆ ಅಂಥವರಿಗಾಗಿ ಉಳಿಯಿತು.

ಈ ಕಸುಬಿನ ಮೂಲ ನಂಬಿಕೆಯ ಬುಡಕ್ಕೇ ಕೈಹಾಕಿದ್ದು ಅಳತೆಪಟ್ಟಿ. ವಯಸ್ಸಾದಂತೆ ಎಲ್ಲರ ಹುಬ್ಬೂ ಇಳಿಯುತ್ತದೆಂದೇ ವೈದ್ಯರು ತಿಳಿದಿದ್ದರು. 1999ರಲ್ಲಿ ಡಚ್ ವೈದ್ಯರು ಬೇರೆ ಬೇರೆ ವಯಸ್ಸಿನವರ ಕಣ್ಣು, ಹುಬ್ಬುಗಳನ್ನು ಅಳೆದಾಗ, ವಯಸ್ಸಿನೊಂದಿಗೆ ಹುಬ್ಬು ಏರುವುದೂ ಕಂಡುಬಂತು. ರೆಪ್ಪೆ ಭಾರವಾಗಿ ನೋಟಕ್ಕೆ ಅಡ್ಡ ಬಂದಾಗ ಮನುಷ್ಯ ತನಗರಿವಿಲ್ಲದೆ ಹಣೆ ಸುಕ್ಕಿಸಿ ಹುಬ್ಬನ್ನು ಮೇಲೆ ಹಿಡಿಯುತ್ತಾನೆ. ಇಂಥವರ ರೆಪ್ಪೆಯ ಚರ್ಮವನ್ನಷ್ಟೇ ತೆಗೆದರೆ ಹಣೆ ವಿರಮಿಸಿ, ಬಚ್ಚಿಟ್ಟುಕೊಂಡಿದ್ದ ಹುಬ್ಬಿನ ಇಳಿತ ಬಯಲಾಗುತ್ತದೆ. ಇನ್ನು ಕೆಲವರಲ್ಲಿ ತೊಂದರೆ ಪೂರಾ ರೆಪ್ಪೆಯದೇ, ಹುಬ್ಬಿಗೆ ಕೈಹಚ್ಚುವ ಅಗತ್ಯವೇ ಇಲ್ಲ. ಹಾಗಾಗಿ ಒಳ್ಳೆಯ ವೈದ್ಯರು ಮೊದಲು ಕಣ್ಣು ಮುಚ್ಚಿಸಿ, ಹಣೆ ಸಡಿಲ ಬಿಡಿಸಿ, ಆಮೇಲೆ ಮೆಲ್ಲಗೆ ಕಣ್ಣು ತೆರೆಯಲು ಹೇಳಿ ಹುಬ್ಬು ನಿಜವಾಗಿ ಎಲ್ಲಿ ನಿಲ್ಲುತ್ತದೆಂದು ನೋಡುತ್ತಾರೆ.

ಈ ನೂರು ವರ್ಷದ ಕಲಿಕೆಯ ಫಲ ಇಂದಿನ ರೋಗಿಗೆ ಸಿಗುತ್ತದೆ. ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯದು. ಹಣೆ ಅಗಲವಿದ್ದವರಿಗೆ ಕೂದಲಂಚಿನಲ್ಲೇ ಗಾಯ ಮಾಡುತ್ತಾರೆ, ಕೂದಲಂಚು ಹಿಂದೆ ಸರಿಯುವುದಿಲ್ಲ. ಹುಬ್ಬಿನ ನೇರ ಮೇಲೆ ಕತ್ತರಿಸುವ ಹಳೆಯ ಕ್ರಮ, ಮುಖದ ನರ ಸೋತು ಒಂದು ಬದಿಯ ಹುಬ್ಬು ಬಿದ್ದವರಿಗೆ ಇಂದಿಗೂ ಉಪಯುಕ್ತ. ಆದರೆ ಕಲೆ ಕಾಣುತ್ತದೆ, ನಮ್ಮಂಥ ಕಂದು ಚರ್ಮದಲ್ಲಿ ಕಪ್ಪಾಗಿ ಉಳಿಯುವ ಸಂಭವ ಹೆಚ್ಚು. ಮೊದಲ ವಾರ ಕಣ್ಣಿನ ಸುತ್ತ ಬಾವು, ನೀಲಿಗಟ್ಟುವುದು ಸಾಮಾನ್ಯ. ದಿಂಬು ಎತ್ತರಿಸಿ ಮಲಗಬೇಕು. ಹೊಲಿಗೆ ಅಥವಾ ಪಿನ್ನುಗಳನ್ನು ಏಳರಿಂದ ಹತ್ತು ದಿನದಲ್ಲಿ ತೆಗೆಯುತ್ತಾರೆ. ಹೆಚ್ಚಿನವರು ಎರಡು ವಾರದಲ್ಲಿ ಕೆಲಸಕ್ಕೆ ಹೋಗುತ್ತಾರೆ, ಭಾರ ಎತ್ತುವುದು ಇನ್ನೂ ಕೆಲವು ವಾರ ಬೇಡ. ಜೋಮು, ತುರಿಕೆ ವಾರಗಳಿಂದ ತಿಂಗಳುಗಳವರೆಗೆ ಇರಬಹುದು. ಹುಬ್ಬಿನ ಕೊನೆಯ ನೆಲೆ ತಿಳಿಯಲು ಕೆಲವು ತಿಂಗಳು ಕಾಯಬೇಕು. ರಕ್ತ ಕಟ್ಟುವುದು, ಸೋಂಕು, ಎಡ ಬಲ ಏರುಪೇರು, ಹುಬ್ಬು ಎತ್ತಲು ತಾತ್ಕಾಲಿಕ ಅಶಕ್ತಿ ಇವು ಅಪರೂಪವಾದರೂ ಇಲ್ಲದ್ದಲ್ಲ. ಸಿಗರೇಟು ಸೇದುವವರು ವಾರಗಳ ಮೊದಲೇ ಬಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರಿಗೆ ಮುಂಚೆಯೇ ಹೇಳಬೇಕು.

ಭಾರತದಲ್ಲಿ ಸೌಂದರ್ಯಕ್ಕಾಗಿ ಮಾಡಿಸುವ ಇಂಥ ಚಿಕಿತ್ಸೆಯನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಪಡೆದವರೇ, ಇಲ್ಲವೇ ರೆಪ್ಪೆ, ಕಣ್ಣುಗೂಡಿನ ಶಸ್ತ್ರಚಿಕಿತ್ಸೆಯಲ್ಲಿ ತರಬೇತಾದ ಕಣ್ಣಿನ ತಜ್ಞರೇ ಎಂದು ಕೇಳಬೇಕು. ಅವರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಮೊದಲ ಭೇಟಿಗೆ ಇಪ್ಪತ್ತು, ಮೂವತ್ತು ವರ್ಷ ಹಿಂದಿನ ಒಂದೆರಡು ಫೋಟೊ ಒಯ್ಯುವುದು ಒಳ್ಳೆಯದು. ಹಲವು ವೈದ್ಯರು ತಾವೇ ಅದನ್ನು ಕೇಳುತ್ತಾರೆ. ಹುಬ್ಬು ನಿಜಕ್ಕೂ ಇಳಿದಿದೆಯೋ, ಅಥವಾ ಹರೆಯದಲ್ಲೂ ಅಷ್ಟೇ ಕೆಳಗಿತ್ತೋ ಎಂಬುದು ಅದರಿಂದ ಗೊತ್ತಾಗುತ್ತದೆ. ಹರೆಯದಲ್ಲೂ ಕೆಳಗೇ ಇದ್ದ ಹುಬ್ಬನ್ನು ಎತ್ತಿದರೆ ಹಳೆಯ ಮುಖ ಮರಳುವುದಿಲ್ಲ, ಹೊಸದೊಂದು ಮುಖ ಬರುತ್ತದೆ. ಅಂಥವರಿಗೆ ಬೇಡವೆನ್ನುವ ವೈದ್ಯರ ಮಾತನ್ನು ಕೇಳಿಸಿಕೊಳ್ಳಬೇಕು.